ಗೋಗಿಯ ಯುರೇನಿಯಂ ಎಲ್ಲಿಗೆ ಹೋಗುತ್ತದೆ? ಪ್ರಧಾನ ಮಂತ್ರಿಗಳಿಗೆ ಯಾದಗಿರಿಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರಧಾನ ಮಂತ್ರಿಗಳು,
ಭಾರತ ಸರ್ಕಾರ, ನವದೆಹಲಿ.

ವಿಷಯ: ಗೋಗಿಯ ಯುರೇನಿಯಂ ಬಾಂಬಿಗೆ ಹೋಗುವುದಿಲ್ಲ ಎಂಬ ಲಿಖಿತ ಭರವಸೆ ಕೊಡಬೇಕು, ಅಣ್ವಸ್ತ್ರಗಳನ್ನು ಇಲ್ಲವಾಗಿಸುವ ಮಾತುಕತೆಯಲ್ಲಿ ಭಾರತ ಮತ್ತೆ ಮುಂದೆ ನಿಲ್ಲಬೇಕು ಎಂಬ ಬಗ್ಗೆ.

ಮಾನ್ಯರೇ,

ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನವನು. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಈ ಪತ್ರವನ್ನು ವಿದೇಶಾಂಗ ಸಚಿವರಿಗೆ ಬರೆಯಬಹುದಿತ್ತು, ರಕ್ಷಣಾ ಸಚಿವರಿಗೂ ಬರೆಯಬಹುದಿತ್ತು. ತಮಗೇ ಬರೆಯಲು ಕಾರಣ ಇದೆ. ಅಣುಶಕ್ತಿ ಇಲಾಖೆ ನೇರವಾಗಿ ಪ್ರಧಾನಿಯವರ ಕೈಕೆಳಗೆ ಬರುತ್ತದೆ. ಅಣ್ವಸ್ತ್ರ ಬಳಸಬೇಕೋ ಬೇಡವೋ ಎಂದು ತೀರ್ಮಾನ ಮಾಡುವ ರಾಜಕೀಯ ಮಂಡಳಿಯ ಅಧ್ಯಕ್ಷರೂ ಪ್ರಧಾನಿಯೇ. ನೆಲದಿಂದ ಯುರೇನಿಯಂ ತೆಗೆಯುವುದು, ಅದನ್ನು ರಿಯಾಕ್ಟರಿನಲ್ಲಿ ಉರಿಸುವುದು, ಬಾಂಬ್ ಇಟ್ಟುಕೊಳ್ಳುವುದು, ಬೇರೆ ದೇಶಗಳ ಜೊತೆ ಅದರ ಬಗ್ಗೆ ಮಾತಾಡುವುದು, ಇವೆಲ್ಲ ಒಂದೇ ಮೇಜಿಗೆ ಬರುವುದು ತಮ್ಮಲ್ಲಿ ಮಾತ್ರ.

ನಮ್ಮ ತಾಲೂಕಿನ ಗೋಗಿ ತಮ್ಮ ಇಲಾಖೆಯ ಕಡತಗಳಲ್ಲಿ ಬಹಳ ಸಲ ಬಂದಿರುವ ಹೆಸರು. ಬಿಜಾಪುರದ ಮೊದಲ ಆದಿಲ್‌ಶಾಹಿ ಅರಸರ ಗೋರಿಗಳಿರುವ, ಚಂದಾ ಹುಸೇನಿ ದರ್ಗಾ ಇರುವ ಹಳೇ ಊರು ಅದು. ತೊಂಬತ್ತರ ದಶಕದಲ್ಲಿ ಅಣು ಖನಿಜ ನಿರ್ದೇಶನಾಲಯದವರು ಬಂದು ಇಲ್ಲಿನ ಹೊಲಗಳಲ್ಲಿ ಬೋರ್ ಹೊಡೆಯಲು ಶುರು ಮಾಡಿದರು. ಭೀಮಾ ಕೊಳ್ಳದ ಈ ನೆಲದಡಿ ಯುರೇನಿಯಂ ಸಿಕ್ಕಿತು. ಆಮೇಲೆ ಪರಿಶೋಧನೆಗೆಂದು ಗಣಿಯನ್ನೂ ತೋಡಿದರು.

ಆ ಬೋರಿನ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಕ್ಕಳನ್ನೂ ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಹತ್ತಿ ಹೊಲದ ನಡುವೆ ರಿಗ್ ನಿಂತಿತ್ತು. ನಮ್ಮ ಕಡೆ ಬೋರ್ ಅಂದರೆ ನೀರಿಗೆ ಹೊಡೆಯುವುದು, ಮೇಲೆ ಬರುವುದು ಬರೀ ದೂಳು. ಇಲ್ಲಿ ಬಂದದ್ದು ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪದ, ಉದ್ದುದ್ದ ಕಲ್ಲಿನ ತುಂಡುಗಳು. ಅವನ್ನು ಸಾಲು ಸಾಲು ಖಾನೆ ಇರುವ ಪೆಟ್ಟಿಗೆಗಳಲ್ಲಿ ಮಲಗಿಸಿ, ಎಷ್ಟು ಮೀಟರ್ ಆಳದ್ದು ಎಂದು ಬಣ್ಣದಲ್ಲಿ ಬರೆದಿದ್ದರು. ಮೇಲಿನ ಪೆಟ್ಟಿಗೆಗಳಲ್ಲಿ ಬೂದು ಬಣ್ಣದ ಸುಣ್ಣಕಲ್ಲು. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರಸಿಯ ಜಾತಿಯದೇ. ಇನ್ನೂ ಆಳಕ್ಕೆ ಹೋದ ಹಾಗೆ ಕೆಂಪು ಗ್ರಾನೈಟ್. ಒಬ್ಬ ಹುಡುಗ ಆ ತುಂಡುಗಳ ಮೇಲೆ ಉಪಕರಣ ಹಿಡಿದು ಮೆಲ್ಲಗೆ ಸರಿಸುತ್ತಾ, ಅಂಕಿ ಜಾಸ್ತಿ ಬಂದ ಕಡೆ ಗುರುತು ಹಾಕುತ್ತಿದ್ದ. ಕಣ್ಣಿಗೆ ಆ ಕಲ್ಲಿಗೂ ಪಕ್ಕದ ಕಲ್ಲಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಆಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯೇ ಈ ಪತ್ರದ ಪ್ರಶ್ನೆ. "ಸರ, ಇದು ಕರೆಂಟಿಗ್ ಹೋಗ್ತದೋ, ಬಾಂಬಿಗ್ ಹೋಗ್ತದೋ?"

ಇದೇ ಪ್ರಶ್ನೆಯನ್ನು ಮುಂದೆ ಊರಿನ ಒಂದು ಸಭೆಯಲ್ಲಿ ಅಧಿಕಾರಿಯೊಬ್ಬರ ಮುಂದೆ ಇಟ್ಟೆ. ಅವರು ಒರಟಾಗೇನೂ ಮಾತಾಡಲಿಲ್ಲ. "ಮಾಸ್ತರ್ರೇ, ಅದು ದೇಶದ ಭದ್ರತೆ ವಿಷಯ, ನಮಗ್ಯಾಕೆ ಅಲ್ವಾ?" ಎಂದು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಜಮೀನಿಗೆ ಎಷ್ಟು ಪರಿಹಾರ ಎಂದು ಕೇಳಿದರೆ ಉತ್ತರ ಇತ್ತು. ಕೆಲಸ ಎಷ್ಟು ಜನಕ್ಕೆ ಎಂದರೆ ಉತ್ತರ ಇತ್ತು. ಇದಕ್ಕೆ ಮಾತ್ರ ಇರಲಿಲ್ಲ. ಗಣಿ ಬೇಕೋ ಬೇಡವೋ ಎನ್ನುವುದು ಬೇರೆ ವಿಚಾರ. ನೀರಿನ ಬಗ್ಗೆ, ದೂಳಿನ ಬಗ್ಗೆ ಊರವರಿಗೆ ವರ್ಷಗಳಿಂದ ಆತಂಕ ಇದೆ, ಅದಕ್ಕೆ ಬೇರೆಯೇ ಪತ್ರ ಬೇಕು. ನಾನು ಇಲ್ಲಿ ಕೇಳುತ್ತಿರುವುದು ಆ ಹುಡುಗಿ ಕೇಳಿದ್ದನ್ನು ಮಾತ್ರ.

ಉತ್ತರ ಹುಡುಕುತ್ತಾ ಹೋದರೆ ಒಂದು ವಿಚಿತ್ರ ಕಾಣುತ್ತದೆ. ಅಮೆರಿಕದ ಜೊತೆ ಅಣು ಒಪ್ಪಂದ ಆದಾಗ, ನಮ್ಮ ದೇಶ ತನ್ನ 22 ರಿಯಾಕ್ಟರುಗಳನ್ನು ಎರಡು ಪಾಲು ಮಾಡಿತು. 14 ರಿಯಾಕ್ಟರುಗಳನ್ನು, ಅವುಗಳ ಸರಕು ಬಾಂಬಿಗೆ ಹೋಗದ ಹಾಗೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಪ್ಪಿಸುತ್ತೇವೆ ಎಂದಿತು. 8 ರಿಯಾಕ್ಟರುಗಳನ್ನು ಹೊರಗೆ ಇಟ್ಟುಕೊಂಡಿತು. ಆ ಎಂಟರಲ್ಲಿ ನಾಲ್ಕು ನಮ್ಮದೇ ರಾಜ್ಯದ ಕೈಗಾದಲ್ಲಿವೆ. 2008ರಲ್ಲಿ ಅಣು ಸರಬರಾಜು ದೇಶಗಳ ಗುಂಪು ನಮಗೆ ವಿನಾಯಿತಿ ಕೊಟ್ಟ ಮೇಲೆ ಕಜಾಕಿಸ್ತಾನ, ರಷ್ಯಾ, ಕೆನಡಾಗಳಿಂದ ಯುರೇನಿಯಂ ಬಂತು. ಹಾಗೆ ಹೊರಗಿನಿಂದ ತಂದದ್ದನ್ನು ತಪಾಸಣೆಗೆ ಒಳಪಟ್ಟ ರಿಯಾಕ್ಟರುಗಳಲ್ಲಿ ಮಾತ್ರ ಬಳಸಬೇಕು. ಕಿಲೋ ಕಿಲೋ ಲೆಕ್ಕ ಇಡಬೇಕು, ಹೊರಗಿನ ತಪಾಸಕರು ಬಂದು ನೋಡುತ್ತಾರೆ. ತಪಾಸಣೆಯಿಂದ ಹೊರಗಿರುವ ರಿಯಾಕ್ಟರುಗಳಿಗೆ, ಮುಂಬೈ ಬಳಿಯ ಟ್ರಾಂಬೆಯ ಧ್ರುವ ಸಂಶೋಧನಾ ರಿಯಾಕ್ಟರಿಗೆ ಬೇಕಾದದ್ದು ದೇಶದೊಳಗಿನ ಗಣಿಗಳಿಂದಲೇ ಬರಬೇಕು. ರಿಯಾಕ್ಟರಿನಲ್ಲಿ ಯುರೇನಿಯಂ ಉರಿದಾಗ ಪ್ಲುಟೋನಿಯಂ ಹುಟ್ಟುತ್ತದೆ, ಅದರಿಂದಲೂ ಬಾಂಬ್ ಮಾಡಬಹುದು. ನಮ್ಮ ಬಾಂಬುಗಳಿಗೆ ಬೇಕಾದ ಪ್ಲುಟೋನಿಯಂ ಮುಖ್ಯವಾಗಿ ತಯಾರಾದದ್ದು ಟ್ರಾಂಬೆಯಲ್ಲೇ, ಮೊದಲು ಅಲ್ಲಿನ ಹಳೇ ರಿಯಾಕ್ಟರ್ ಸೈರಸ್‌ನಲ್ಲಿ, ಆಮೇಲೆ ಧ್ರುವದಲ್ಲಿ.

ಅಂದರೆ ಕಜಾಕಿಸ್ತಾನದ ನೆಲದಿಂದ ಬಂದ ಯುರೇನಿಯಂ ಬಾಂಬಿಗೆ ಹೋಗುವುದಿಲ್ಲ ಎಂದು ಅಲ್ಲಿನ ರೈತನಿಗೆ ಭಾರತ ಕಾಗದದ ಮೇಲೆ ಬರೆದುಕೊಟ್ಟಿದೆ. ಗೋಗಿಯ ರೈತನಿಗೆ ಬರೆದುಕೊಟ್ಟಿಲ್ಲ.

ಕೈಗಾದ ರಿಯಾಕ್ಟರುಗಳು ಕರೆಂಟು ಉತ್ಪಾದಿಸುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಅವು ಹಗಲೂ ರಾತ್ರಿ ಕರೆಂಟು ಕೊಡುತ್ತಿವೆ, ಇದನ್ನು ಬರೆಯುವ ಹೊತ್ತಿಗೂ ಕೊಡುತ್ತಿರಬಹುದು. ಬಾಂಬಿನ ಕಡೆಗೂ ಬಾಗಿಲು ತೆರೆದಿದೆ, ಲೆಕ್ಕ ಹೊರಗೆ ಬರುವುದಿಲ್ಲ, ನಮ್ಮ ನೆಲದ್ದು ಯಾವ ಕಡೆ ಹೋಯಿತು ಎಂದು ನಮಗೆ ಗೊತ್ತಾಗುವ ದಾರಿಯೇ ಇಲ್ಲ, ಇಷ್ಟೇ ನನ್ನ ತಕರಾರು.

ಗೊತ್ತಾಗದೇ ಹೋದ ಊರೊಂದು ಚರಿತ್ರೆಯಲ್ಲಿದೆ. ಕಾಂಗೋದ ಶಿಂಕೊಲೊಬ್ವೆ. ಆಗ ಅದು ಬೆಲ್ಜಿಯಂ ಆಳ್ವಿಕೆಯಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬ್ ಯೋಜನೆಗೆ ಬೇಕಾದ ಯುರೇನಿಯಂನ ದೊಡ್ಡ ಪಾಲು ಆ ಗಣಿಯಿಂದ ಹೋಯಿತು. ಅದಿರು ಅಗೆದು ತುಂಬಿದ ಕೂಲಿಗಳಿಗೆ ಅದು ಯಾತಕ್ಕೆ ಎಂದು ಯಾರೂ ಹೇಳಲಿಲ್ಲ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದ ಬಾಂಬಿನಲ್ಲಿ ಇದ್ದದ್ದು ಸುಮಾರು 64 ಕಿಲೋ ಯುರೇನಿಯಂ. ಅದರಲ್ಲಿ ನಿಜವಾಗಿ ಸಿಡಿದದ್ದು ಒಂದು ಕಿಲೋಗಿಂತ ಕಡಿಮೆ. ಈ ಲೆಕ್ಕವನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಒಂದು ಕಿಲೋಗಿಂತ ಕಡಿಮೆ, ಅದರ ಪಕ್ಕದಲ್ಲಿ ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1,40,000. ಮಕ್ಕಳು ಸೊನ್ನೆ ಎಣಿಸಿ ನೋಡುತ್ತಿದ್ದರು. ಮೂರು ದಿನ ಬಿಟ್ಟು ನಾಗಸಾಕಿಯ ಮೇಲೆ ಬಿದ್ದ ಬಾಂಬಿನಲ್ಲಿ ಇದ್ದದ್ದು ಸುಮಾರು 6 ಕಿಲೋ ಪ್ಲುಟೋನಿಯಂ. ಅದೇ ಕಾಂಗೋ 2017ರಲ್ಲಿ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದ ಮೊದಲ ದೇಶಗಳ ಸಾಲಿನಲ್ಲಿತ್ತು.

"ಅದೆಲ್ಲ ಹಳೇ ಮಾತು, ದೂರದ ಮಾತು" ಎನ್ನುವವರಿದ್ದಾರೆ. 2025ರ ಮೇ ತಿಂಗಳಲ್ಲಿ ಅದು ದೂರ ಇರಲಿಲ್ಲ. ಮೇ 7ರ ಅಣಕು ಕವಾಯತಿನ ಪಟ್ಟಿಯಲ್ಲಿ ನಮ್ಮ ಪಕ್ಕದ ರಾಯಚೂರು ಇತ್ತು. ಸೈರನ್ ಕೂಗಿದರೆ ಎಲ್ಲಿ ಅಡಗಬೇಕು ಎಂದು ಮೊಮ್ಮಕ್ಕಳು ಕೇಳುತ್ತಿದ್ದರು. ನಮ್ಮ ಭಾಗದ ಎಷ್ಟೋ ಹುಡುಗರು ಗಡಿಯಲ್ಲಿದ್ದಾರೆ. ಅವರ ತಾಯಂದಿರು ಫೋನ್ ಕೈಯಲ್ಲಿ ಹಿಡಿದೇ ರೊಟ್ಟಿ ಬಡಿಯುತ್ತಿದ್ದರು. ಅದೇ ವಾರ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ನನ್ನ ಕೈಯಲ್ಲೇ ಕಲಿತ ಹುಡುಗರು "ಒಂದ್ ಅಣುಬಾಂಬ್ ಒಗದ್ ಬಿಟ್ರ ಮುಗೀತ್ರಿ ಸರ" ಎಂದರು. ಅವರದ್ದು ಕೆಟ್ಟ ಮನಸ್ಸಲ್ಲ. ಬಾಂಬ್ ಅಂದರೆ ದೊಡ್ಡ ಪಟಾಕಿ, ಅಲ್ಲಿ ಬಿದ್ದರೆ ಅಲ್ಲೇ ಮುಗಿಯುತ್ತದೆ ಎಂದು ತಿಳಿದಿದ್ದಾರೆ, ಅಷ್ಟೇ.

ಅಲ್ಲೇ ಮುಗಿಯುವುದಿಲ್ಲ. ಭಾರತ ಮತ್ತು ಪಾಕಿಸ್ತಾನ ತಲಾ 50ರಂತೆ ಹಿರೋಶಿಮಾ ಗಾತ್ರದ ಬಾಂಬುಗಳನ್ನು ಒಬ್ಬರ ನಗರಗಳ ಮೇಲೆ ಒಬ್ಬರು ಹಾಕಿದರೆ ಏನಾಗುತ್ತದೆ ಎಂದು ಅಲನ್ ರೋಬಾಕ್, ಬ್ರಯನ್ ಟೂನ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು 2007ರಲ್ಲಿ ಲೆಕ್ಕ ಹಾಕಿದರು. ಉರಿಯುವ ನಗರಗಳಿಂದ ಸುಮಾರು 50 ಲಕ್ಷ ಟನ್ ಕರಿ ಹೊಗೆ ವಾತಾವರಣದ ಮೇಲಿನ ಪದರಕ್ಕೆ ಏರುತ್ತದೆ. ಅಲ್ಲಿ ಮಳೆ ಇಲ್ಲ, ಹಾಗಾಗಿ ಅದು ತೊಳೆದು ಹೋಗುವುದಿಲ್ಲ. ವರ್ಷಗಟ್ಟಲೆ ಬಿಸಿಲನ್ನು ತಡೆಯುತ್ತದೆ. ಚಳಿ ಜಾಸ್ತಿಯಾಗಿ, ಮಳೆ ಕಡಿಮೆಯಾಗುತ್ತದೆ. ಇನ್ನೂ ದೊಡ್ಡ ಬಾಂಬುಗಳನ್ನು ಇಟ್ಟು 2022ರಲ್ಲಿ ಮಾಡಿದ ಮತ್ತೊಂದು ಲೆಕ್ಕದ ಪ್ರಕಾರ, ಭಾರತ ಮತ್ತು ಪಾಕಿಸ್ತಾನದ ನಡುವಿನ ಅಣುಯುದ್ಧದಿಂದ ಹಸಿವಿಗೆ ಸಿಕ್ಕು ಜಗತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಸಾಯಬಹುದು.

ಇದನ್ನು ದೆಹಲಿಯಲ್ಲಿ ಕೂತು ಓದುವುದು ಬೇರೆ, ತೊಗರಿ ಬೆಳೆಯುವವರು ಓದುವುದು ಬೇರೆ. ಕಲಬುರಗಿ, ಯಾದಗಿರಿ, ಬೀದರ್ ಸೇರಿ ನಮ್ಮದು ತೊಗರಿಯ ಕಣಜ. ಮುಂಗಾರಿಗೆ ಬಿತ್ತಿದ್ದು ದೀಪಾವಳಿಯ ಆಸುಪಾಸಿನಲ್ಲಿ ಹೂ ಬಿಡುತ್ತದೆ. ಆ ಹೊತ್ತಿಗೆ ನಾಲ್ಕು ದಿನ ಮೋಡ ಮುಸುಕಿದರೆ ಸಾಕು, ಹೂ ಉದುರುತ್ತದೆ, ಕಾಯಿಕೊರಕ ಹುಳು ಬೀಳುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದ ರೈತ ಗಿಡದ ಬುಡದಲ್ಲಿ ಹಳದಿ ಹೂವಿನ ಹಾಸು ನೋಡಿ ಅಲ್ಲೇ ಕುಸಿದು ಕೂಡುತ್ತಾನೆ. ನಾಲ್ಕು ದಿನದ ಮೋಡಕ್ಕೆ ಹೀಗೆ. ವರ್ಷಗಟ್ಟಲೆ ಬಿಸಿಲು ಮಂಕಾದರೆ? ಯಾವ ಬಾಂಬೂ ನಮ್ಮ ಜಿಲ್ಲೆಯ ಮೇಲೆ ಬೀಳದಿದ್ದರೂ ನಮ್ಮ ಹೊಲ ಸಾಯುತ್ತದೆ. ನಮ್ಮ ಸೈನ್ಯ ಗೆದ್ದರೂ ಸಾಯುತ್ತದೆ.

ಹಾಗಾದರೆ ಭಾರತ ತನ್ನ ಬಾಂಬುಗಳನ್ನು ನಾಳೆಯೇ ಎಸೆಯಬೇಕಾ? ಹಾಗೆ ನಾನು ಕೇಳುತ್ತಿಲ್ಲ. ಒಬ್ಬರೇ ಎಸೆಯುವುದು ಆಗದ ಮಾತು. ಒಂದು ಕಡೆ ಪಾಕಿಸ್ತಾನ, ಇನ್ನೊಂದು ಕಡೆ ಚೀನಾ ಇರುವಾಗ ಯಾವ ಪ್ರಧಾನಿಯೂ ಅದನ್ನು ಮಾಡಲಾರರು. ಎಲ್ಲರೂ ಸೇರಿ, ಲೆಕ್ಕ ಇಟ್ಟು, ಒಬ್ಬರನ್ನೊಬ್ಬರು ತಪಾಸಣೆ ಮಾಡಿಕೊಂಡು ಇಳಿಸುವುದು ಮಾತ್ರ ಸಾಧ್ಯ. ಈ ಮಾತನ್ನು ಜಗತ್ತಿಗೆ ಮೊದಮೊದಲು ಹೇಳಿದವರಲ್ಲಿ ಭಾರತವೂ ಒಂದು. 1954ರ ಏಪ್ರಿಲ್‌ನಲ್ಲಿ ಅಣು ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಲೋಕಸಭೆಯಲ್ಲಿ ನಿಂತು ಕರೆ ಕೊಟ್ಟದ್ದು ಜವಾಹರಲಾಲ್ ನೆಹರೂ. 1988ರ ಜೂನ್ 9ರಂದು ವಿಶ್ವಸಂಸ್ಥೆಯಲ್ಲಿ ರಾಜೀವ್ ಗಾಂಧಿ, 2010ರೊಳಗೆ ಹಂತ ಹಂತವಾಗಿ ಎಲ್ಲ ಅಣ್ವಸ್ತ್ರ ನಾಶ ಮಾಡುವ ಯೋಜನೆ ಇಟ್ಟರು. 1998ರ ಪೋಖ್ರಾನ್ ಪರೀಕ್ಷೆಯ ನಂತರವೂ ಆ ಮಾತು ಬಿದ್ದು ಹೋಗಲಿಲ್ಲ. ವಾಜಪೇಯಿ ಸರ್ಕಾರ 2003ರ ಜನವರಿಯಲ್ಲಿ ಪ್ರಕಟಿಸಿದ ಅಣ್ವಸ್ತ್ರ ನೀತಿಯಲ್ಲೇ ಎರಡು ಮಾತು ಇವೆ: ಮೊದಲು ನಾವು ಬಳಸುವುದಿಲ್ಲ, ಅಣ್ವಸ್ತ್ರ ಇಲ್ಲದ ಜಗತ್ತೇ ನಮ್ಮ ಗುರಿ. ಪಕ್ಷ ಯಾವುದೇ ಇರಲಿ, ಇದು ದೇಶದ ಮಾತಾಗಿತ್ತು.

ಈಗ ಆ ದನಿ ಸಣ್ಣದಾಗಿದೆ. ವಿಶ್ವಸಂಸ್ಥೆಯಲ್ಲಿ ಪ್ರತಿವರ್ಷ ನಿರ್ಣಯ ಮಂಡಿಸುತ್ತೇವೆ, ಹೌದು. ಆದರೆ 2017ರಲ್ಲಿ 122 ದೇಶಗಳು ಮತ ಹಾಕಿ ಅಣ್ವಸ್ತ್ರ ನಿಷೇಧ ಒಪ್ಪಂದ ಮಾಡಿಕೊಂಡಾಗ ಭಾರತ ಆ ಮಾತುಕತೆಗೇ ಹೋಗಲಿಲ್ಲ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಬಗ್ಗೆ ನಮಗೆ ಹಳೇ ತಕರಾರು ಇದೆ, ಅದು ನ್ಯಾಯವೂ ಹೌದು. 1967ರ ಜನವರಿ 1ಕ್ಕೆ ಮೊದಲು ಬಾಂಬ್ ಸಿಡಿಸಿದ ಐದು ದೇಶಗಳಿಗೆ ಒಂದು ನಿಯಮ, ಉಳಿದವರಿಗೆ ಇನ್ನೊಂದು ನಿಯಮ ಅದರಲ್ಲಿದೆ. ಆದರೆ 2017ರ ಒಪ್ಪಂದದಲ್ಲಿ ಆ ತಾರತಮ್ಯ ಇಲ್ಲವಲ್ಲ! ಎಲ್ಲರಿಗೂ ಒಂದೇ ನಿಯಮ. ಬಾಂಬ್ ಇರುವ ದೇಶ ಸೇರಬೇಕಾದರೆ ಕಾಲಮಿತಿ ಹಾಕಿಕೊಂಡು ಇಳಿಸುವ ದಾರಿಯನ್ನೂ ಬರೆದಿಟ್ಟಿದ್ದಾರೆ. ನಾವು ಎಷ್ಟೋ ವರ್ಷ ಕೇಳಿದ್ದು ಇದನ್ನೇ ಅಲ್ವಾ? ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲೇ ಮಾತಾಡೋಣ ಎಂದು ನಮ್ಮ ಸರ್ಕಾರ ಹೇಳುತ್ತದೆ. ಅಲ್ಲಿ ಒಂದೇ ಒಂದು ದೇಶ ಬೇಡ ಎಂದರೂ ಕೆಲಸ ನಿಂತುಹೋಗುತ್ತದೆ. 1996ರ ನಂತರ ಅಲ್ಲಿಂದ ಒಂದು ಒಪ್ಪಂದವೂ ಹೊರಬಂದಿಲ್ಲ.

"ಬಾಂಬ್ ಇರೋದ್ರಿಂದಲೇ ಯುದ್ಧ ಆಗ್ತಿಲ್ಲ" ಎನ್ನುವವರಿಗೆ ಕಾರ್ಗಿಲ್ ನೆನಪಿಸುತ್ತೇನೆ. ಎರಡೂ ದೇಶಗಳು ಬಾಂಬ್ ಸಿಡಿಸಿ ತೋರಿಸಿದ್ದು 1998ರ ಮೇ ತಿಂಗಳಲ್ಲಿ, ಕಾರ್ಗಿಲ್ ಶುರುವಾದದ್ದು 1999ರ ಮೇ ತಿಂಗಳಲ್ಲಿ. ಇನ್ನು, ಬಾಂಬ್ ಬಿಟ್ಟುಕೊಟ್ಟ ಉಕ್ರೇನಿನ ಗತಿ ಏನಾಯಿತು ಎಂದು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ಸೋವಿಯತ್ ಕಾಲದ ಬಾಂಬುಗಳನ್ನು ಬಿಟ್ಟುಕೊಟ್ಟ ಉಕ್ರೇನಿಗೆ, ನಿನ್ನ ಗಡಿಯನ್ನು ಗೌರವಿಸುತ್ತೇವೆ ಎಂದು 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಭರವಸೆ ಕೊಟ್ಟ ದೇಶಗಳಲ್ಲಿ ರಷ್ಯಾ ಒಂದು. ಅದೇ ರಷ್ಯಾ 2014ರಲ್ಲಿ, ಮತ್ತೆ 2022ರಲ್ಲಿ ಆ ಮಾತು ಮುರಿಯಿತು. ಇದು ದೊಡ್ಡ ಅನ್ಯಾಯ. ಬರೀ ಭರವಸೆಯ ಕಾಗದ ಸಾಲದು, ಮುರಿದವನನ್ನು ಎಲ್ಲರೂ ಸೇರಿ ತಡೆಯುವ ಕಟ್ಟುಪಾಡು ಬೇಕು ಎಂದು ನನಗೆ ಅದರಿಂದ ಅರ್ಥವಾಗುತ್ತದೆ. ಎಲ್ಲ ದೇಶಗಳೂ ಬಾಂಬ್ ಮಾಡಿಕೊಳ್ಳಲಿ ಎಂದು ಅರ್ಥ ಮಾಡಿಕೊಂಡರೆ ನಮ್ಮ ಮೊಮ್ಮಕ್ಕಳಿಗೆ ಉಳಿಗಾಲವಿಲ್ಲ.

ಕೂತು ಮಾತಾಡಿದರೆ ಬಾಂಬ್ ಇಳಿಯುತ್ತವೆ. ಇದು ಕನಸಲ್ಲ, ಆಗಿ ಹೋದ ಸಂಗತಿ. 1986ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 70,000 ಅಣು ಸಿಡಿತಲೆಗಳಿದ್ದವು. ಈಗ ಸುಮಾರು 12,000. ದಕ್ಷಿಣ ಆಫ್ರಿಕಾ ತಾನೇ ಮಾಡಿಕೊಂಡಿದ್ದ ಆರು ಬಾಂಬುಗಳನ್ನು ತಾನೇ ಬಿಚ್ಚಿ ಹಾಕಿತು, ಅಂತರರಾಷ್ಟ್ರೀಯ ತಪಾಸಕರು ಹೋಗಿ ನೋಡಿ ಬಂದರು. ಅಮೆರಿಕದ ರೀಗನ್ ಮತ್ತು ಸೋವಿಯತ್ ಒಕ್ಕೂಟದ ಗೊರ್ಬಚೆವ್ 1987ರಲ್ಲಿ ಮಾಡಿಕೊಂಡ ಒಪ್ಪಂದದಿಂದ 2,692 ಕ್ಷಿಪಣಿಗಳು ನಾಶವಾದವು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು. 1993ರಿಂದ 2013ರವರೆಗೆ ರಷ್ಯಾ ತನ್ನ ಬಾಂಬುಗಳಿಂದ 500 ಟನ್ ಯುರೇನಿಯಂ ತೆಗೆದು, ತೆಳುಗೊಳಿಸಿ, ಅಮೆರಿಕಕ್ಕೆ ಮಾರಿತು. ಸುಮಾರು 20,000 ಬಾಂಬುಗಳ ಸರಕು ಅದು. ಅಮೆರಿಕದ ಮನೆಗಳಲ್ಲಿ ಇಪ್ಪತ್ತು ವರ್ಷ ದೀಪ ಉರಿಯಲು ಅದರ ಪಾಲೂ ಇತ್ತು. ತಮ್ಮ ಮೇಲೆ ಬೀಳಲೆಂದೇ ಮಾಡಿಟ್ಟ ಬಾಂಬಿನಿಂದ ಕರೆಂಟು ಬಂತು. ಕಲ್ಲಿನ ಆ ತುಂಡಿಗೆ ಎರಡೂ ದಾರಿ ಇದೆ, ಬಾಂಬಿಗೆ ಹೋದದ್ದನ್ನೂ ಹಿಂದಕ್ಕೆ ತರಬಹುದು.

ಕಜಾಕಿಸ್ತಾನವನ್ನೇ ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ಯುರೇನಿಯಂ ತೆಗೆಯುವ ದೇಶ. ಅದರ ಸೆಮಿಪಲಾಟಿನ್ಸ್ಕ್ ಬಯಲಿನಲ್ಲಿ ಸೋವಿಯತ್ ಸರ್ಕಾರ 456 ಅಣು ಪರೀಕ್ಷೆ ಮಾಡಿತ್ತು. 1991ರ ಆಗಸ್ಟ್ 29ರಂದು ಅದನ್ನು ಮುಚ್ಚಿದರು. ಕೈಯಲ್ಲಿದ್ದ ಸುಮಾರು 1,400 ಸಿಡಿತಲೆಗಳನ್ನು ಬಿಟ್ಟುಕೊಟ್ಟರು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಅಣ್ವಸ್ತ್ರ ನಿಷೇಧ ಒಪ್ಪಂದದ ಸಭೆಗೆ ಅಧ್ಯಕ್ಷತೆ ವಹಿಸಿದ್ದೂ ಅವರೇ.

ಈಗ ಕಾಲ ಹಿಂದಕ್ಕೆ ತಿರುಗುತ್ತಿದೆ ಎನ್ನುವುದು ನನ್ನ ಅವಸರಕ್ಕೆ ಕಾರಣ. ರೀಗನ್-ಗೊರ್ಬಚೆವ್ ಒಪ್ಪಂದ 2019ರಲ್ಲಿ ಸತ್ತಿತು. ಅಮೆರಿಕ ಮತ್ತು ರಷ್ಯಾ ತಲಾ 1,550ಕ್ಕಿಂತ ಹೆಚ್ಚು ಸಿಡಿತಲೆ ಸಜ್ಜಾಗಿಡಬಾರದು ಎಂದು ಕಟ್ಟಿಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿಯೂ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ಸ್ಟಾಕ್‌ಹೋಮಿನ ಸಿಪ್ರಿ ಎಂಬ, ಶಸ್ತ್ರಾಸ್ತ್ರಗಳ ಲೆಕ್ಕ ಇಡುವ ಸಂಸ್ಥೆಯ ಅಂದಾಜಿನಂತೆ 2025ರ ಆರಂಭಕ್ಕೆ ಭಾರತದಲ್ಲಿ 180, ಪಾಕಿಸ್ತಾನದಲ್ಲಿ 170, ಚೀನಾದಲ್ಲಿ 600 ಸಿಡಿತಲೆಗಳಿದ್ದವು. ದೊಡ್ಡವರೇ ಕಟ್ಟು ಬಿಚ್ಚಿಕೊಂಡು ಓಡುವಾಗ ಸುಮ್ನೆ ನೋಡುತ್ತಾ ಕೂರುವುದು ನಮ್ಮಂಥ ದೇಶಕ್ಕೆ ಒಪ್ಪುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಮನವಿ ಹೀಗಿದೆ.

ಗೋಗಿಯಲ್ಲಿ ಗಣಿ ಆಗುವುದೇ ಆದರೆ, ಅಲ್ಲಿ ತೆಗೆದ ಒಂದೊಂದು ಕಿಲೋ ಕೂಡ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟ ರಿಯಾಕ್ಟರಿಗೇ ಹೋಗುತ್ತದೆ ಎಂದು ಸರ್ಕಾರ ಬರೆದುಕೊಡಲಿ. ಅದನ್ನು ಸಂಸತ್ತಿನಲ್ಲಿ ಮಂಡಿಸಲಿ. ಕೈಗಾದ ಹಳೇ ನಾಲ್ಕು ರಿಯಾಕ್ಟರುಗಳನ್ನೂ ತಪಾಸಣೆಯ ಪಟ್ಟಿಗೆ ಸೇರಿಸಲಿ. ಅವು ಕರೆಂಟಿಗೇ ಇರುವುದಾದರೆ ಮುಚ್ಚಿಡುವುದು ಏನಿದೆ?

ಇದರ ಜೊತೆಗೇ ಬರುವುದು ಬಾಂಬಿನ ಸರಕು ತಯಾರಿಕೆ ನಿಲ್ಲಿಸುವ ಒಪ್ಪಂದ. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್ ಬಾಂಬಿಗೆಂದು ಪ್ಲುಟೋನಿಯಂ, ಯುರೇನಿಯಂ ತಯಾರಿಸುವುದನ್ನು ನಿಲ್ಲಿಸಿದ್ದೇವೆ ಎಂದು ಬಹಿರಂಗವಾಗಿ ಹೇಳಿವೆ. ಈ ಒಪ್ಪಂದದ ಮಾತುಕತೆಗೆ ನಾವು ಸಿದ್ಧ ಎಂದು ಭಾರತ ಹೇಳುತ್ತಲೇ ಬಂದಿದೆ. ಅದು ಜಿನೀವಾದಲ್ಲಿ ಸಿಕ್ಕಿಹಾಕಿಕೊಂಡಿರುವುದಕ್ಕೆ ಪಾಕಿಸ್ತಾನದ ಅಡ್ಡಿ ಮುಖ್ಯ ಕಾರಣ ಎನ್ನುವುದೂ ನಿಜ. ಹಾಗಿದ್ದರೆ ಜಿನೀವಾದ ಹೊರಗೆ, ಪಾಕಿಸ್ತಾನ ಮತ್ತು ಚೀನಾದ ಮುಂದೆ ನಾವೇ ಒಂದು ಪ್ರಸ್ತಾಪ ಇಡಬಹುದು. ನೀವು ನಿಲ್ಲಿಸಿ, ನಾವೂ ನಿಲ್ಲಿಸುತ್ತೇವೆ, ತಪಾಸಣೆ ಮೂರೂ ಕಡೆ ಆಗಲಿ. ಅವರು ಒಪ್ಪದಿದ್ದರೆ ನಮಗೇನೂ ನಷ್ಟ ಇಲ್ಲ, ಯಾರು ಅಡ್ಡಿ ಎಂದು ಜಗತ್ತಿಗೆ ಗೊತ್ತಾಗುತ್ತದೆ.

"ಮೊದಲು ನಾವು ಬಳಸುವುದಿಲ್ಲ" ಎಂಬ ಮಾತನ್ನು ತಾವು ಸಂಸತ್ತಿನಲ್ಲಿ ಸ್ಪಷ್ಟವಾಗಿ ಇನ್ನೊಮ್ಮೆ ಹೇಳಬೇಕು. 2019ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರು ಪೋಖ್ರಾನ್‌ನಲ್ಲಿ ನಿಂತು, ಮುಂದೆ ಏನಾಗುತ್ತದೆ ಎನ್ನುವುದು ಪರಿಸ್ಥಿತಿಯ ಮೇಲಿದೆ ಎಂದ ಮೇಲೆ ಅನುಮಾನ ಉಳಿದುಕೊಂಡಿದೆ. ಚೀನಾ 1964ರಿಂದಲೂ ಇದೇ ಮಾತು ಹೇಳುತ್ತಿದೆ. ಎರಡೂ ದೇಶಗಳು ಬೇರೆ ಬೇರೆಯಾಗಿ ಹೇಳುವುದನ್ನು ಒಂದೇ ಕಾಗದದ ಮೇಲೆ ಸಹಿ ಹಾಕಿ ಹೇಳಬಹುದಲ್ಲ?

ಪಾಕಿಸ್ತಾನದ ಜೊತೆ ಮಾತೇ ಇಲ್ಲ ಎನ್ನುವ ಹಾಗೂ ಇಲ್ಲ. ಒಬ್ಬರ ಅಣು ಸ್ಥಾವರದ ಮೇಲೆ ಒಬ್ಬರು ದಾಳಿ ಮಾಡಬಾರದು ಎಂಬ 1988ರ ಒಪ್ಪಂದದಂತೆ, 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತೇವೆ. ಕಾರ್ಗಿಲ್ ಆದ ಮೇಲೂ ಅದು ನಿಲ್ಲಲಿಲ್ಲ, ಮುಂಬೈ ದಾಳಿಯ ನಂತರವೂ ನಿಲ್ಲಲಿಲ್ಲ. ಎತ್ತರಕ್ಕೆ ಏರಿ, ಎಸೆದ ಕಲ್ಲಿನ ಹಾಗೆ ಬೀಳುವ ಬ್ಯಾಲಿಸ್ಟಿಕ್ ಕ್ಷಿಪಣಿಯ ಪರೀಕ್ಷೆಗೆ ಮೊದಲು ತಿಳಿಸಬೇಕು ಎಂಬ 2005ರ ಒಪ್ಪಂದವೂ ಇದೆ. ಆದರೆ ವಿಮಾನದ ಹಾಗೆ ಹಾರಿ ಹೋಗುವ ಕ್ರೂಸ್ ಕ್ಷಿಪಣಿಗಳು ಅದರಲ್ಲಿ ಬರುವುದಿಲ್ಲ. 2022ರ ಮಾರ್ಚ್ 9ರಂದು ನಮ್ಮ ಕಡೆಯಿಂದ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಬಳಿ ಬಿದ್ದದ್ದು ಬ್ರಹ್ಮೋಸ್, ಅದು ಕ್ರೂಸ್ ಕ್ಷಿಪಣಿಯೇ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ವಾಯುಪಡೆಯ ಮೂವರು ಅಧಿಕಾರಿಗಳನ್ನು ಕೆಲಸದಿಂದ ತೆಗೆದರು. ಇಂಥದ್ದೇ 2025ರ ಮೇ ತಿಂಗಳ ಆ ನಾಲ್ಕು ದಿನಗಳಲ್ಲಿ ಆಗಿದ್ದರೆ ಆಕಸ್ಮಿಕ ಎಂದು ಯಾರು ನಂಬುತ್ತಿದ್ದರು? 2005ರ ಒಪ್ಪಂದಕ್ಕೆ ಕ್ರೂಸ್ ಕ್ಷಿಪಣಿಗಳನ್ನೂ ಸೇರಿಸಿ. ಉಗ್ರರ ವಿಷಯದಲ್ಲಿ ಎಷ್ಟು ಬೇಕೋ ಅಷ್ಟು ಗಟ್ಟಿಯಾಗಿರಿ, ಇದೊಂದು ಮಾತುಕತೆಗೆ ಮಾತ್ರ ಬಾಗಿಲು ತೆರೆದಿಡಿ.

ಕೊನೆಯದು. 2026ರ ನವೆಂಬರ್ 30ರಿಂದ ಡಿಸೆಂಬರ್ 4ರವರೆಗೆ ನ್ಯೂಯಾರ್ಕ್‌ನಲ್ಲಿ ಅಣ್ವಸ್ತ್ರ ನಿಷೇಧ ಒಪ್ಪಂದದ ಮೊದಲ ಪುನರ್‌ಪರಿಶೀಲನಾ ಸಮ್ಮೇಳನ ನಿಗದಿಯಾಗಿದೆ. ಸಹಿ ಹಾಕದ ದೇಶಗಳೂ ವೀಕ್ಷಕರಾಗಿ ಕೂರಬಹುದು. ಅಮೆರಿಕದ ಅಣು ರಕ್ಷಣೆಯಲ್ಲಿರುವ ಜರ್ಮನಿ, ನಾರ್ವೆ, ಆಸ್ಟ್ರೇಲಿಯಾಗಳೇ 2022ರಲ್ಲಿ ವಿಯೆನ್ನಾಗೆ ಹೋಗಿ ಕೂತಿದ್ದವು. ಅಣ್ವಸ್ತ್ರದಿಂದ ಮನುಷ್ಯರಿಗೆ ಆಗುವ ಹಾನಿಯ ಬಗ್ಗೆ 2013 ಮತ್ತು 2014ರಲ್ಲಿ ಓಸ್ಲೋ, ನಯಾರಿತ್, ವಿಯೆನ್ನಾಗಳಲ್ಲಿ ನಡೆದ ಸಮ್ಮೇಳನಗಳಿಗೆ ಭಾರತವೂ ಹೋಗಿತ್ತು. ಈಗಲೂ ಹೋಗಬೇಕು. ಒಪ್ಪಿಗೆ ಇಲ್ಲದ್ದನ್ನು ಅಲ್ಲೇ ಹೇಳಲಿ, 1988ರ ಯೋಜನೆಗೆ ಹೊಸ ಕಾಲಮಿತಿ ಹಾಕಿ ಅಲ್ಲೇ ಮುಂದಿಡಲಿ.

ಮಾನ್ಯರೇ, ನಮ್ಮ ಈ ಭಾಗಕ್ಕೆ ಇಂಥ ಮಾತು ಹೊಸದಲ್ಲ. ಭೀಮಾ ದಂಡೆಯ ಸನ್ನತಿ ನಮಗೆ ಹತ್ತಿರದ ಊರು. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನ ಸಿಕ್ಕಿದೆ. ಕಳಿಂಗ ಯುದ್ಧ ಗೆದ್ದ ಮೇಲೆ ಬರೆಸಿದ ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಗಡಿಯಾಚೆಯ ಜನ ನನಗೆ ಹೆದರಬಾರದು, ನನ್ನಿಂದ ಅವರಿಗೆ ದುಃಖವಲ್ಲ, ಸುಖ ಸಿಗಬೇಕು ಎಂಬ ಅರ್ಥದ ಮಾತು ಅಲ್ಲಿದೆ. ಗೆದ್ದ ರಾಜ ಹೇಳಿದ ಮಾತು ಅದು, ಸೋತವನು ಹೇಳಿದ್ದಲ್ಲ. ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗುತ್ತಿದ್ದೆ. ಕಲ್ಲಿನ ಮೇಲೆ ಬೆರಳಾಡಿಸಿ, ಓದಲು ಬಾರದ ಆ ಅಕ್ಷರಗಳನ್ನು ಅವರು ನೋಡುತ್ತಿದ್ದರು.

ಈ ಪತ್ರದ ಪ್ರತಿಯನ್ನು ರಾಯಚೂರು ಮತ್ತು ಕಲಬುರಗಿ ಲೋಕಸಭಾ ಸದಸ್ಯರಿಗೂ ಕಳಿಸುತ್ತಿದ್ದೇನೆ. ಮುಂದಿನ ಅಧಿವೇಶನದಲ್ಲಿ ಗೋಗಿಯ ಯುರೇನಿಯಂ ಬಗ್ಗೆ ಅವರು ಲಿಖಿತ ಪ್ರಶ್ನೆ ಕೇಳಬೇಕು ಎಂದು ಬೇಡಿಕೊಂಡಿದ್ದೇನೆ. ತಮ್ಮ ಕಚೇರಿಯಿಂದ ಬರುವ ಉತ್ತರವನ್ನು ದಯವಿಟ್ಟು ಗೋಗಿ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿ ಕಳಿಸಿಕೊಡಿ. ಅದನ್ನು ಪಂಚಾಯಿತಿಯ ಗೋಡೆಗೆ ಹಚ್ಚುವ ಕೆಲಸ ನಮ್ಮದು.

ಗೌರವಪೂರ್ವಕ ನಮಸ್ಕಾರಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ